ಆ ದೀಪ ಹೋಗಬೇಕು

ನಮ್ಮ ಮನೆಯವರಿಗೆ ತಪ್ಪು ಕಣ್ಣಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ. ಇದನ್ನು ಸ್ವಭಾವ ಎಂದು ಬೈಯುವ ಹಾಗೂ ಇಲ್ಲ, ಅವರ ಉದ್ಯೋಗವೇ ಅದು. ಇಪ್ಪತ್ತೆರಡು ವರ್ಷದಿಂದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾರೆ. ಬೇಡದ ದೀರ್ಘ, ಬೇಡದ ಒತ್ತು, ಬೇಡದ ಪದ ಎಲ್ಲಿ ಕಂಡರೂ ಹೊಡೆದು ಹಾಕಿ, ಕೈ ತೊಳೆದುಕೊಂಡು ಊಟಕ್ಕೆ ಬರುತ್ತಾರೆ. ಮದುವೆ ಗೊತ್ತಾದ ಹೊಸದರಲ್ಲಿ ನಾನು ನಾಚಿಕೊಂಡು ಬರೆದ ಒಂದು ಕಾಗದವನ್ನೂ ತಿದ್ದಿ ವಾಪಸ್ ಕಳಿಸಿದ್ದರು. ಏಳು ತಪ್ಪು ಇದ್ದವಂತೆ. ಅದನ್ನು ನಾನು ಇನ್ನೂ ಮರೆತಿಲ್ಲ.

ಇಂಥ ಮನುಷ್ಯ ಒಂದು ಹಳೆಯ ಪಿಕಪ್ ಗಾಡಿಯ ವೈರಿಂಗಿಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ, ಕೇಳಿ.

ಗಾಡಿ ನಮ್ಮಪ್ಪನದು. ಮೂವತ್ತೊಂದು ವರ್ಷ ಅದರಲ್ಲಿ ಮನೆ ಬದಲಾಯಿಸುವವರ ಸಾಮಾನು ಸಾಗಿಸಿದವರು ಅವರು. ನಮ್ಮ ಬೀದಿಯಲ್ಲಿ ಅದರ ಮೇಲೆ ಕೂತು ಬರದ ಬೀರುವಿಲ್ಲ, ಮಂಚವಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಸ್ಟೇರಿಂಗ್ ಬಿಟ್ಟು ನಮ್ಮ ಮನೆಗೇ ಬಂದು ನೆಲೆಸಿದರು. ಗಾಡಿ ನನ್ನ ಕೈಗೆ ಬಂತು. ನನ್ನದೊಂದು ನರ್ಸರಿ ಇದೆ. ಕುಂಡ, ಗಿಡ, ಗೊಬ್ಬರ, ಎಲ್ಲ ಅದರಲ್ಲೇ ಓಡಾಡಬೇಕು. ಬೆಳಿಗ್ಗೆ ಎದ್ದು ಅಪ್ಪ ಮೊದಲು ಗಾಡಿಯ ಮುಖ ಒರೆಸುತ್ತಾರೆ, ಆಮೇಲೆ ತಮ್ಮದು ತೊಳೆಯುತ್ತಾರೆ.

ಆ ಗಾಡಿಯನ್ನು ತಪಾಸಣೆಗೆ ತೆಗೆದುಕೊಂಡು ಹೋದೆ. ಬ್ರೇಕ್ ಇನ್ಸ್‌ಪೆಕ್ಟರು ಸುತ್ತ ಒಂದು ಪ್ರದಕ್ಷಿಣೆ ಬಂದರು, ಒಳಗೆ ಕೂತರು, ಡ್ಯಾಶ್‌ಬೋರ್ಡಿನ ಮೂಲೆಗೆ ಬೆರಳು ಇಟ್ಟರು. ಅಲ್ಲಿ ಬ್ಯಾಟರಿಯ ಚಿತ್ರವಿರುವ ಒಂದು ಕೆಂಪು ದೀಪ. ಇಂಜಿನ್ ಓಡುತ್ತಿದ್ದರೂ ಅದು ಉರಿಯುತ್ತಲೇ ಇತ್ತು.

"ಇದು ಹೀಗೆ ಉರೀತಾ ಇದ್ರೆ ಗಾಡಿ ಚಾರ್ಜ್ ಆಗ್ತಿಲ್ಲ ಅಂತ ಅರ್ಥ. ಹತ್ತು ದಿನ ಟೈಮ್ ಕೊಟ್ಟಿದ್ದೀನಿ ತಾಯಿ. ಹತ್ತನೇ ದಿನ ಹತ್ತು ಗಂಟೆಗೆ ಬನ್ನಿ. ಎರಡನೇ ಸಲವೂ ಫೇಲಾದ್ರೆ ಗುಜರಿಗೆ ಬರೀಲೇಬೇಕು, ಬೇಜಾರು ಮಾಡ್ಕೋಬೇಡಿ" ಎಂದರು. ಗಾಡಿ ಗುಜರಿಗೆ ಹೋದರೆ ಅದರ ಹಿಂದೆಯೇ ನನ್ನ ನರ್ಸರಿಯೂ ಹೋದ ಹಾಗೆ. ಅಪ್ಪನ ಕಥೆ ಏನಾಗುತ್ತದೋ ಯೋಚಿಸಲೂ ಭಯವಾಯಿತು.

ನಮ್ಮ ಊರಿನ ಗಾಡಿಗಳ ಕರೆಂಟಿನ ಕೆಲಸಕ್ಕೆಲ್ಲ ಒಬ್ಬರೇ ಮೇಸ್ತ್ರಿ. ಅವರ ತುಟಿಯ ನಡುವೆ ಯಾವಾಗಲೂ ಒಂದು ಸ್ಕ್ರೂ ಇರುತ್ತದೆ. ಅದು ಬೀಳದ ಹಾಗೆ ಎಷ್ಟು ಮಾತಾಡಲು ಸಾಧ್ಯವೋ ಅಷ್ಟೇ ಮಾತಾಡುತ್ತಾರೆ. ಲೆಕ್ಕ ಹಾಕಿದರೆ ಮೂರು ಪದ. ಹಾಗಾಗಿ ಎಲ್ಲರೂ ಅವರನ್ನು ಮೂರ್ಮಾತಿನ ಮೇಸ್ತ್ರಿ ಎನ್ನುತ್ತಾರೆ. ನಮ್ಮ ಗ್ರಹಚಾರಕ್ಕೆ ಅವರು ಮೊಮ್ಮಗಳನ್ನು ನೋಡಲು ಬೇರೆ ಊರಿಗೆ ಹೋಗಿದ್ದರು. ನಮ್ಮವರು ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ಕೇಳಿಸುತ್ತಿತ್ತು.

"ಮೇಸ್ತ್ರಿಗಳೇ, ಗಾಡೀಲಿ ಕೆಂಪು ದೀಪ ಉರೀತಾನೇ ಇದೆ. ಏನಾಗ್ಬೇಕು ಈಗ?"

"ಆ ದೀಪ ಹೋಗ್ಬೇಕು."

"ಅದು ಹೋದ್ರೆ ಸಾಕಾ?"

"ಹೋದ್ರೆ ಎಲ್ಲಾ ಸರಿ."

"ಹೋಗ್ಲಿಲ್ಲ ಅಂದ್ರೆ?"

"ಬಂದು ನೋಡ್ತೀನಿ, ಇಡ್ಲಾ?"

ಅಷ್ಟೇ. ನಮ್ಮವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮುಖವನ್ನೇ ಭಕ್ತಿಯಿಂದ ನೋಡಿದರು. "ಕೇಳಿದ್ಯಾ? ಇಂಥ ವಾಕ್ಯ ನಾನು ಈ ಇಪ್ಪತ್ತೆರಡು ವರ್ಷದಲ್ಲಿ ತಿದ್ದಿಲ್ಲ. ತಿದ್ದೋಕೆ ಏನೂ ಇಲ್ಲ ಇದ್ರಲ್ಲಿ. ಆ, ದೀಪ, ಹೋಗ್ಬೇಕು."

"ರೀ, ಅದು ತಾನಾಗಿ ಹೋಗ್ಬೇಕು ಅಂತ ಹೇಳಿರಬಹುದು" ಎಂದೆ.

"ತಾನಾಗಿ ಅಂತ ಅವರು ಅಂದ್ರಾ? ಇಲ್ಲ ತಾನೇ? ಇಲ್ಲದ ಪದ ನೀನ್ಯಾಕೆ ಸೇರಿಸ್ತೀಯ?"

ಮಾರನೆಯ ದಿನ ನಾನು ಗಿಡಗಳಿಗೆ ನೀರು ಬಿಡುತ್ತಿದ್ದಾಗ ಅವರು ಸ್ಕ್ರೂಡ್ರೈವರ್ ಹಿಡಿದು ಗಾಡಿಯೊಳಗೆ ಹೋದರು. ಅಲ್ಲಿ ಏನು ಮಾಡಿದರೆಂದು ನನಗೆ ಆಗ ತಿಳಿಯಲಿಲ್ಲ. ನಿಮಗೆ ಗೊಂದಲವಾಗುವುದು ಬೇಡ, ಈಗಲೇ ಹೇಳಿಬಿಡುತ್ತೇನೆ: ಡ್ಯಾಶ್‌ಬೋರ್ಡ್ ಬಿಚ್ಚಿ, ಬಟಾಣಿ ಕಾಳಿನಷ್ಟಿದ್ದ ಆ ಬಲ್ಬನ್ನೇ ಕಿತ್ತು, ಒಂದು ಲಕೋಟೆಗೆ ಹಾಕಿ, ಮೇಲೆ ದುಂಡು ಅಕ್ಷರದಲ್ಲಿ "ಅನಗತ್ಯ, ತೆಗೆದಿದೆ" ಎಂದು ಬರೆದು, ತಾರೀಖು ಹಾಕಿ, ಮೇಜಿನ ಡ್ರಾಯರಿನಲ್ಲಿ ಇಟ್ಟರು. ಪ್ರೆಸ್ಸಿನ ಶಿಸ್ತು.

ಹೊರಗೆ ಬಂದು ಇಂಜಿನ್ ಶುರು ಮಾಡಿಸಿದರು. ನೋಡಿದೆ. ಕೆಂಪು ದೀಪ ಇರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ ಅಪ್ಪ, "ಹೋಯ್ತಾ ಅಳಿಯಂದ್ರೇ?" ಎಂದರು.

"ಹೋಯ್ತು ಮಾವ."

ಅಪ್ಪ ಎದ್ದು ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು. "ಮೂವತ್ತೊಂದು ವರ್ಷ ಓಡಿಸಿದೀನಿ. ಇಂಜಿನ್ ಬಿಚ್ಚಿದೀನಿ, ಗೇರ್‌ಬಾಕ್ಸ್ ಇಳಿಸಿದೀನಿ. ವೈರ್ ಮುಟ್ಟೋಕೆ ಮಾತ್ರ ಎದೆ ನಡುಗುತ್ತೆ. ನಿಮ್ಮನ್ನ ನಾನು ಬರೀ ಪುಸ್ತಕದ ಹುಳ ಅಂದ್ಕೊಂಡಿದ್ದೆ, ತಪ್ಪು ತಿಳ್ಕೋಬೇಡಿ" ಎಂದರು. ನಮ್ಮವರು ತಪ್ಪು ತಿಳಿದುಕೊಳ್ಳಲಿಲ್ಲ. ನಾನೂ ಅಂದು ಅವರ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದೆ.

ಸುದ್ದಿ ಸಂಜೆಯೊಳಗೆ ಬೀದಿ ತುಂಬಿತು. ಮೇಸ್ತ್ರಿ ಇಲ್ಲದೆ ವೈರಿಂಗ್ ರಿಪೇರಿ ಮಾಡಿದವರನ್ನು ನಮ್ಮ ಬೀದಿ ನೋಡಿರಲಿಲ್ಲ. ಪಕ್ಕದ ಮನೆಯ ರಿಟೈರ್ಡ್ ಹೆಡ್ಮಾಸ್ಟರು ಬೇಲಿಯ ಆಚೆಯಿಂದ ಕತ್ತು ಉದ್ದ ಮಾಡಿ ಕೇಳಿದರು. "ಅಲ್ಲ ಸ್ವಾಮಿ, ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ವೈರಿಂಗ್ ಅಂದ್ರೆ ಒಂದು ವಾಕ್ಯ ಸಾರ್. ಎಲ್ಲಿ ತಪ್ಪಿದೆ ಅಂತ ಓದಬೇಕು, ಅಷ್ಟೇ" ಎಂದರು ನಮ್ಮವರು.

ಹೆಡ್ಮಾಸ್ಟರು ಬೇಲಿಗೆ ಇನ್ನಷ್ಟು ಹತ್ತಿರ ಬಂದರು. ನಲವತ್ತು ವರ್ಷ ವ್ಯಾಕರಣ ಕಲಿಸಿದವರಿಗೆ ಇದು ಹೊಳೆದಿರಲಿಲ್ಲ. ಆಮೇಲೆ ದನಿ ತಗ್ಗಿಸಿ, "ನಮ್ಮ ನೀರಿನ ಟ್ಯಾಂಕಿಗೂ ಒಂದು ಕೆಂಪು ದೀಪ ಇದೆ. ಮೋಟಾರ್ ಹಾಕಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಡುತ್ತೆ. ನೋಡಿದ್ರೆ ಏನೋ ಕಸಿವಿಸಿ" ಎಂದರು. ನಮ್ಮವರು ಹೋದರು, ಓದಿದರು, ತೆಗೆದರು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕನ ಇಸ್ತ್ರಿ ಪೆಟ್ಟಿಗೆಯಲ್ಲೂ ಒಂದು ಕೆಂಪು ದೀಪ ಇತ್ತು. ಅದೂ ಹೋಯಿತು. ಡ್ರಾಯರಿನಲ್ಲಿ ಲಕೋಟೆಗಳು ಮೂರಾದವು.

ಅಕ್ಕ ನನ್ನ ಹತ್ತಿರ ಬಂದು, "ನಿಮ್ಮನೆಯವರು ಬರ್ತಾರೆ, ಐದು ನಿಮಿಷ ನಿಲ್ತಾರೆ, ಹೋಗ್ತಾರೆ. ದೀಪ ಇರಲ್ಲ. ಕೈಗುಣ ಅಂದ್ರೆ ಇದೇ ಕಣೇ" ಎಂದಳು. ಹೆಮ್ಮೆಯಿಂದ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆರನೆಯ ದಿನ ಹಾರ್ನಿನ ಗಂಟಲು ಕಟ್ಟಿತು. ಏಳನೆಯ ದಿನ ಹೆಡ್‌ಲೈಟು ಹಳದಿಗೆ ತಿರುಗಿತು. ನಾನು ಹೇಳಿದರೆ ನಮ್ಮವರು, "ಕೆಂಪು ದೀಪ ಇಲ್ಲ ತಾನೇ? ಮತ್ತೇನು?" ಎಂದರು. ಅದೇ ವಾರ ಹೆಡ್ಮಾಸ್ಟರ ಮನೆಯ ಮೆಟ್ಟಿಲ ಮೇಲಿಂದ ನೀರು ದಬದಬನೆ ಇಳಿದು ಬಂತು. ಅವರು ಪೈಪು ಒಡೆದಿದೆ ಎಂದು ಪೈಪನ್ನು ಬೈದರು. ಅಕ್ಕ ಯಾರದ್ದೋ ಹೊಸ ಕೋಟಿನ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಚಿತ್ರ ಮೂಡಿಸಿದಳು; ಅವಳು ಬಟ್ಟೆಯನ್ನು ಬೈದಳು. ನಮ್ಮವರನ್ನು ಯಾರೂ ಬೈಯಲಿಲ್ಲ. ಅಷ್ಟು ಗೌರವ.

ಹತ್ತನೆಯ ದಿನ ಬೆಳಿಗ್ಗೆ ಏಳೂವರೆಗೆ ತಯಾರಾಗಿ ಬಂದು ಗಾಡಿಯಲ್ಲಿ ಕೂತೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದರು. ಕೀ ತಿರುಗಿಸಿದೆ.

ಟಕ್.

ಇನ್ನೊಂದು ಸಲ ತಿರುಗಿಸಿದೆ. ಟಕ್. ಮೂರನೆಯ ಸಲ ಅದೂ ಕೇಳಿಸಲಿಲ್ಲ.

"ಬ್ಯಾಟರಿ ಸತ್ತಿದೆ ಮಗಳೇ" ಎಂದರು ಅಪ್ಪ. ಹೇಳಿ ಬಾನೆಟ್ಟಿನ ಮೇಲೆ ಕೈಯಿಟ್ಟರು. ತೆಗೆಯಲಿಲ್ಲ. ಹತ್ತು ಗಂಟೆಗೆ ಇನ್ನು ಎರಡೂವರೆ ಗಂಟೆ ಇತ್ತು.

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು, ಬಸ್ಸಿಳಿದು ನೇರವಾಗಿ ಮೇಸ್ತ್ರಿ ಬಂದರು. ಬಾಯಲ್ಲಿ ಸ್ಕ್ರೂ ಇತ್ತು; ಪ್ರಯಾಣದಲ್ಲೂ ಇರುತ್ತದೆಂದು ಅಂದು ತಿಳಿಯಿತು. ಅವರು ಕೀ ತಿರುಗಿಸಿದರು. ಡ್ಯಾಶ್‌ಬೋರ್ಡ್ ನೋಡಿದರು. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು.

"ಬಲ್ಬ್ ಎಲ್ಲಿ ಸ್ವಾಮಿ?"

ನಮ್ಮವರು ಒಳಗೆ ಹೋಗಿ ಲಕೋಟೆ ತಂದು ಕೊಟ್ಟರು. ಅವರ ನಡಿಗೆಯಲ್ಲಿ ಇನ್ನೂ ಹೆಮ್ಮೆ ಇತ್ತು. ಮೇಸ್ತ್ರಿ ಲಕೋಟೆಯ ಮೇಲಿನದನ್ನು ನಿಧಾನವಾಗಿ ಓದಿದರು. ಆಮೇಲೆ ಬಾಯಿಂದ ಸ್ಕ್ರೂ ತೆಗೆದು ಜೇಬಿಗೆ ಹಾಕಿಕೊಂಡರು. ಬೀದಿಯ ಜನ ಬಾಗಿಲಿಗೆ ಬಂದರು. ಅವರ ಖಾಲಿ ಬಾಯಿಯನ್ನು ನಾವು ಯಾರೂ ನೋಡಿರಲಿಲ್ಲ.

"ಇದನ್ನ ತೆಗೀರಿ ಅಂತ ಯಾರು ಹೇಳಿದ್ದು?"

"ನೀವೇ. ಆ ದೀಪ ಹೋಗ್ಬೇಕು ಅಂದ್ರಿ."

ಮೇಸ್ತ್ರಿ ಚೀಲದ ಮೇಲೆ ಕೂತುಬಿಟ್ಟರು. "ಸ್ವಾಮಿ, ಹೋಗ್ಬೇಕು ಅಂದ್ರೆ ಆರಬೇಕು ಅಂತ. ಕೀ ಕೊಟ್ಟಾಗ ಅದು ಉರೀಲೇಬೇಕು. ಇಂಜಿನ್ ಎದ್ದ ಮೇಲೆ ತಾನಾಗಿ ಹೋಗ್ಬೇಕು."

"ತಾನಾಗಿ ಅಂತ ನೀವು ಹೇಳ್ಲಿಲ್ಲ" ಎಂದರು ನಮ್ಮವರು, ಸಣ್ಣ ದನಿಯಲ್ಲಿ.

ನಾನು ಅವರನ್ನೇ ನೋಡಿದೆ. ನನ್ನ ಆ ನೋಟ ಅವರಿಗೆ ಗೊತ್ತು.

ಬೇಲಿಯ ಆಚೆಯಿಂದ ಹೆಡ್ಮಾಸ್ಟರು ಕೇಳಿದರು: "ಹಾಗಾದ್ರೆ ನಮ್ಮ ಟ್ಯಾಂಕಿನ ದೀಪ?"

"ಟ್ಯಾಂಕ್ ತುಂಬಿದೆ, ಮೋಟಾರ್ ನಿಲ್ಸಿ ಅಂತ ಅದು" ಎಂದರು ಮೇಸ್ತ್ರಿ.

"ನನ್ನ ಇಸ್ತ್ರಿದು?" ಎಂದಳು ಅಕ್ಕ. ಅವಳ ಕೈಯಲ್ಲಿ ಆ ಕೋಟು ಇತ್ತು.

"ಅದು ಆರಿದ್ರೆ ಕಾದಿದೆ ಅಂತ ತಾಯಿ."

ನಮ್ಮವರು ತಲೆ ಬಗ್ಗಿಸಿಕೊಂಡು ಒಳಗೆ ಹೋಗಿ ಉಳಿದೆರಡು ಲಕೋಟೆಗಳನ್ನು ತಂದು ವಾರಸುದಾರರಿಗೆ ಒಪ್ಪಿಸಿದರು.

ಮೇಸ್ತ್ರಿ ಬಲ್ಬನ್ನು ಅದರ ಜಾಗಕ್ಕೆ ಕೂರಿಸಿದರು. ಬಾನೆಟ್ ಎತ್ತಿ, ಡೈನಮೋದ ಬೆನ್ನಿಗೆ ಸಿಕ್ಕಿಸಿದ್ದ ಒಂದು ತೆಳು ನೀಲಿ ವೈರನ್ನು ಬಿಡಿಸಿ ಗಾಳಿಯಲ್ಲಿ ಬಿಟ್ಟರು. ಡೈನಮೋ ಎಂದರೆ ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರ. "ಕೀ ಕೊಡಿ" ಎಂದರು. ಕೊಟ್ಟೆ. ಬ್ಯಾಟರಿಯ ಕೊನೆಯುಸಿರಿನಲ್ಲಿ ದೀಪ ಮಂಕಾಗಿ ಉರಿಯಿತು.

"ನೋಡಿ. ವೈರ್ ಡೈನಮೋದಿಂದ ಬಿಡಿಸಿದೀನಿ, ಆದ್ರೂ ಉರೀತಿದೆ. ಅಂದ್ರೆ ಡೈನಮೋ ತಪ್ಪಿಲ್ಲ. ದಾರೀಲಿ ಎಲ್ಲೋ ಅರ್ಥ್ ಆಗಿದೆ."

"ನನಗೇನೂ ಅರ್ಥ ಆಗಿಲ್ಲ" ಎಂದರು ನಮ್ಮವರು.

"ಅರ್ಥ್. ವೈರ್ ಬಾಡಿಗೆ ತಾಗಿದೆ ಅಂತ" ಎಂದರು ಅಪ್ಪ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಆ ವೈರನ್ನು ಬೆರಳಿನಿಂದ ಓದುತ್ತಾ ಹೊರಟರು. ಇಂಜಿನ್ನಿನ ಪಕ್ಕ, ಬ್ಯಾಟರಿಯ ಕೆಳಗೆ, ಒಂದು ಕಬ್ಬಿಣದ ಪಟ್ಟಿಯ ಹಿಂದೆ. ಅಲ್ಲಿ ನಿಂತರು. ಎಳೆದು ತೋರಿಸಿದರು. ಉಗುರಿನಷ್ಟು ಜಾಗದಲ್ಲಿ ನೀಲಿ ಸಿಪ್ಪೆ ಸವೆದು ತಾಮ್ರ ಮಿನುಗುತ್ತಿತ್ತು.

"ಇಷ್ಟೇನಾ?" ಎಂದರು ಹೆಡ್ಮಾಸ್ಟರು.

"ಇಷ್ಟೇ."

ಇಷ್ಟು ದೊಡ್ಡ ಗಾಡಿ, ಮೂವತ್ತೊಂದು ವರ್ಷ, ನನ್ನ ನರ್ಸರಿ, ಅಪ್ಪನ ಬೆಳಗು, ಎಲ್ಲ ಒಂದು ಉಗುರಿನಷ್ಟು ತಾಮ್ರದ ಮೇಲೆ ನಿಂತಿತ್ತು. ಮೇಸ್ತ್ರಿ ಅದಕ್ಕೆ ಟೇಪ್ ಸುತ್ತಿ, ವೈರನ್ನು ಪಟ್ಟಿಯಿಂದ ದೂರ ಕಟ್ಟಿದರು. ದೀಪ ಆರಿತು. ವೈರನ್ನು ಡೈನಮೋಗೆ ತಾಗಿಸಿದರು. ದೀಪ ಹತ್ತಿತು. ತೆಗೆದರು, ಆರಿತು. ತಾಗಿಸಿದರು, ಹತ್ತಿತು. ಬೀದಿಯ ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಅಲ್ಲ, ದೀಪ ಎಚ್ಚರಿಕೆ ಕೊಡೋಕೆ ತಾನೇ ಇರೋದು? ಅದನ್ನ ತೆಗೆದ್ರೆ ಚಾರ್ಜ್ ಯಾಕೆ ನಿಲ್ಬೇಕು?" ಎಂದು ಅಪ್ಪ ಕೇಳಿದರು.

ಆಗ ಮೇಸ್ತ್ರಿ ಮಾತಾಡಿದರು. ಅಷ್ಟು ಮಾತು ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ.

"ಯಜಮಾನ್ರೇ, ಡೈನಮೋ ತಾನಾಗಿ ಏಳೋದಿಲ್ಲ. ಯಾರಾದ್ರೂ ಎಬ್ಬಿಸ್ಬೇಕು. ಬ್ಯಾಟರಿಯಿಂದ ಒಂದು ಗುಟುಕು ಕರೆಂಟ್ ಅದರ ಬಾಯಿಗೆ ಬೀಳ್ಬೇಕು. ಆ ಗುಟುಕು ಬರೋ ದಾರಿನೇ ಈ ದೀಪ. ದೀಪದೊಳಗಿಂದ ಹಾದು, ಈ ನೀಲಿ ವೈರಲ್ಲಿ ಇಳಿದು ಡೈನಮೋಗೆ ಹೋಗ್ಬೇಕು. ಹಾದು ಹೋಗೋವಾಗ ದೀಪ ಉರಿಯುತ್ತೆ. ವೈರ್ ಬಾಡಿಗೆ ತಾಗಿದಾಗ ಆ ಗುಟುಕು ದಾರೀಲೇ ಸೋರಿ ಹೋಯ್ತು, ದೀಪ ಕಿತ್ತ ಮೇಲೆ ಬರೋ ದಾರಿನೇ ಇಲ್ಲ. ಡೈನಮೋ ಎದ್ದ ಮೇಲೆ ಅದೂ ಆ ಕಡೆಯಿಂದ ತಳ್ಳೋಕೆ ಶುರು ಮಾಡುತ್ತೆ. ಈ ಕಡೆಯಿಂದ ಬ್ಯಾಟರಿ, ಆ ಕಡೆಯಿಂದ ಡೈನಮೋ. ಇಬ್ಬರ ಜೋರೂ ಸಮ. ಆಗ ಮಧ್ಯದ ದೀಪದೊಳಗೆ ಯಾರೂ ಈ ಕಡೆ ಬರಲ್ಲ, ಆ ಕಡೆ ಹೋಗಲ್ಲ. ಅದಕ್ಕೇ ದೀಪ ಹೋಗುತ್ತೆ. ಯಾರೂ ಆರಿಸೋದಿಲ್ಲ."

ಹೇಳಿ ಮುಗಿಸಿ ಸ್ಕ್ರೂವನ್ನು ಜೇಬಿನಿಂದ ತೆಗೆದು ಮತ್ತೆ ಬಾಯಿಗೆ ಇಟ್ಟುಕೊಂಡರು. ಹೆಡ್ಮಾಸ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಕ್ಕ ಕೋಟನ್ನು ಮರೆತಿದ್ದಳು. ಅಪ್ಪ, "ಇದು ಇಷ್ಟು ವರ್ಷ ನನ್ನ ಕಣ್ಣ ಮುಂದೇ ಇತ್ತಲ್ಲಪ್ಪ" ಎಂದು ತಮಗೆ ತಾವೇ ಹೇಳಿಕೊಂಡರು.

"ತಳ್ಳಬೇಕು, ಬನ್ನಿ ಎಲ್ರೂ" ಎಂದರು ಮೇಸ್ತ್ರಿ.

ಎಲ್ಲರೂ ಬಂದರು. ಯಾರ ಬೀರು, ಯಾರ ಮಂಚ ಆ ಗಾಡಿಯಲ್ಲಿ ಬಂದಿತ್ತೋ ಅವರೆಲ್ಲ ಹಿಂದಿನಿಂದ ಕೈ ಜೋಡಿಸಿದರು. ನಮ್ಮವರು ನಡುಮಧ್ಯೆ, ಪ್ರೆಸ್ಸಿಗೆ ಹೋಗುವ ಬಿಳಿ ಅಂಗಿಯಲ್ಲಿ. ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡಿದೆ. ಅಪ್ಪ ಪಕ್ಕದಲ್ಲಿ ಕೂತು, ಬಿಸಿಲು ಬೀಳದ ಹಾಗೆ ದೀಪದ ಸುತ್ತ ಎರಡೂ ಕೈ ಅಡ್ಡ ಹಿಡಿದರು. ಇಳಿಜಾರಿನ ಬಾಯಿಗೆ ಬಂದಾಗ ಕ್ಲಚ್ ಬಿಟ್ಟೆ. ಗಾಡಿ ಒಂದು ಸಲ ಮುಗ್ಗರಿಸಿತು, ಕೆಮ್ಮಿತು, ಕಪ್ಪು ಹೊಗೆ ಬಿಟ್ಟು ಎದ್ದಿತು. ಆ ಹೊಗೆಯೆಲ್ಲ ಬಿಳಿ ಅಂಗಿಯ ಮೇಲೆ ಹೋಯಿತೆಂದು ಆಮೇಲೆ ನೋಡಿದೆ.

ಅಪ್ಪನ ಅಂಗೈಗಳ ನಡುವೆ ದೀಪ ಕೆಂಪಗಿತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ. ದೀಪ ಒಂದು ಕ್ಷಣ ನಡುಗಿತು. ಮೆಲ್ಲಗೆ ತೆಳುವಾಯಿತು. ಯಾರೂ ಮುಟ್ಟದೆ, ಯಾರೂ ಊದದೆ, ಹೋಯಿತು. ಅಪ್ಪ ಕೈ ತೆಗೆಯಲಿಲ್ಲ. ಅಷ್ಟು ಚೆಂದದ್ದನ್ನು ನಾನು ಆ ಡ್ಯಾಶ್‌ಬೋರ್ಡಿನಲ್ಲಿ ಎಂದೂ ನೋಡಿರಲಿಲ್ಲ.

"ಸುತ್ತಿ ಬಳಸಿ ಹೋಗಿ" ಎಂದರು ಮೇಸ್ತ್ರಿ. ಬ್ಯಾಟರಿ ತುಂಬಲಿ ಎಂದು ಅರ್ಥ. ಈ ಸಲ ನಮ್ಮವರು ಬಿಡಿಸಿ ಕೇಳಿ ಖಾತ್ರಿ ಮಾಡಿಕೊಂಡೇ ಹತ್ತಿದರು. ಇಡೀ ಊರು ಒಂದು ಸುತ್ತು ಹಾಕಿ, ಹತ್ತಕ್ಕೆ ಐದು ನಿಮಿಷವಿದ್ದಾಗ ತಪಾಸಣೆಯ ಅಂಗಳಕ್ಕೆ ಬಂದೆವು. ನಮ್ಮ ಹಿಂದೆ ಲಾರಿಗಳ ಸಾಲು ನಿಂತಿತು.

ಇನ್ಸ್‌ಪೆಕ್ಟರು ಬಂದು ನನ್ನನ್ನು ಇಳಿಸಿ ತಾವು ಕೂತರು. ಕೂತವರೇ ಇಂಜಿನ್ ಆಫ್ ಮಾಡಿದರು. ಒಂದು ಗಂಟೆಯ ಚಾರ್ಜು ಸಾಕೋ ಸಾಲದೋ ಯಾರಿಗೆ ಗೊತ್ತು? ಅವರು ಕೀ ಕೊಟ್ಟರು. ದೀಪ ಹತ್ತಿತು. ಸೆಲ್ಫ್ ಹೊಡೆದರು. ಗಾಡಿ ಉಂಕ್, ಉಂಕ್ ಎಂದಿತು, ನಿಂತೇ ಹೋಯಿತು ಎನ್ನುವಾಗ ಇನ್ನೊಂದು ಉಂಕ್ ಎಂದು ಎದ್ದಿತು. ಇನ್ಸ್‌ಪೆಕ್ಟರು ಡ್ಯಾಶ್‌ಬೋರ್ಡ್ ನೋಡಿ ಹೇಳಿದರು:

"ಹೋಯ್ತು."

ಕಿಟಕಿಯ ಹೊರಗೆ ನಿಂತಿದ್ದ ಅಪ್ಪನ ಮುಖ ಬಿಳಿಚಿಕೊಂಡಿತು. ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ಹೋಯ್ತಾ ಸಾರ್? ಇನ್ನೊಂದು ಅವಕಾಶ ಕೊಡಿ ಸಾರ್, ಇದು ಬರೀ ಗಾಡಿಯಲ್ಲ" ಎಂದರು. ದನಿ ಒಡೆದಿತ್ತು.

ನಮ್ಮವರು ಅಪ್ಪನ ಹೆಗಲು ಹಿಡಿದುಕೊಂಡರು. "ಮಾವ, ದೀಪ ಹೋಗಿದ್ದು. ಗಾಡಿ ಇದೆ."

ಇನ್ಸ್‌ಪೆಕ್ಟರು ಕಾಗದದ ಮೇಲೆ ಪೆನ್ನಿಟ್ಟು, "ಏನು ಮಾಡಿಸಿದ್ರಿ?" ಎಂದು ಸುಮ್ಮನೆ ಮಾತಿಗೆ ಕೇಳಿದರು. ನಮ್ಮವರು ಹೇಳಿದರು. ಗುಟುಕು ಕರೆಂಟು, ನೀಲಿ ವೈರು, ಈ ಕಡೆಯ ಜೋರು, ಆ ಕಡೆಯ ಜೋರು, ಒಂದು ಪದ ಬಿಡದೆ, ಒಂದು ಪದ ಸೇರಿಸದೆ. ಇನ್ಸ್‌ಪೆಕ್ಟರ ಪೆನ್ನು ಅರ್ಧದಲ್ಲೇ ನಿಂತಿತು.

"ಹದಿನೆಂಟು ವರ್ಷದಿಂದ ಈ ಕಾಲಮ್ಮಿಗೆ ಟಿಕ್ ಹಾಕ್ತಿದ್ದೀನಿ. ಹತ್ತಬೇಕು, ಹೋಗ್ಬೇಕು. ಯಾಕೆ ಹೋಗುತ್ತೆ ಅಂತ ನಾನೂ ಕೇಳಿಲ್ಲ, ಯಾರೂ ಹೇಳಿಲ್ಲ" ಎಂದರು. ಆಮೇಲೆ ಸಹಿ ಹಾಕಿ, ಠಸ್ಸೆ ಒತ್ತಿ, ಕಾಗದವನ್ನು ಕಿಟಕಿಯಿಂದ ಅಪ್ಪನ ಕೈಗೇ ಕೊಟ್ಟರು. ಇನ್ನೊಂದು ವರ್ಷ ಯಾರೂ ನಮ್ಮ ಗಾಡಿಯನ್ನು ಗುಜರಿಗೆ ಕಳಿಸುವ ಹಾಗಿರಲಿಲ್ಲ. ಅಪ್ಪ ಅದನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟು, ಮೇಲೆ ಕೈಯಿಟ್ಟುಕೊಂಡರು. ಕಪ್ಪು ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿಯುತ್ತಿತ್ತು.

ನಾನು ಹತ್ತಲು ಹೋದೆ. ಇನ್ಸ್‌ಪೆಕ್ಟರು ಇಳಿಯಲಿಲ್ಲ. ಇಂಜಿನ್ ಆಫ್ ಮಾಡಿ, ಕೀ ಕೊಟ್ಟು, ಕೆಂಪು ದೀಪವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಸೆಲ್ಫ್ ಹೊಡೆದರು. ದೀಪ ಹೋಯಿತು. ಮತ್ತೆ ಆಫ್ ಮಾಡಿದರು. ಹಿಂದೆ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಒಬ್ಬ ಲಾರಿ ಡ್ರೈವರು ಜಗಳಕ್ಕೆಂದೇ ತೋಳು ಮಡಚಿಕೊಂಡು ಬಂದ. ಕಿಟಕಿಯಲ್ಲಿ ಇಣುಕಿ, ಸಾಹೇಬರ ಮುಖ ನೋಡಿ, ಬಂದ ಕೆಲಸ ಮರೆತು ನಿಂತ.

"ಸಾರ್, ಪಾಸಾಯ್ತಲ್ಲ. ಇಳೀತೀರಾ?" ಎಂದೆ.

"ಇಳೀತೀನಿ ತಾಯಿ. ಇನ್ನೊಂದೇ ಸಲ" ಎಂದು ಇನ್ಸ್‌ಪೆಕ್ಟರು ಕೀ ತಿರುಗಿಸಿದರು.

ಅಪ್ಪ ಲಾರಿ ಡ್ರೈವರಿಗೆ ಸ್ವಲ್ಪ ಜಾಗ ಬಿಟ್ಟು, "ಬನ್ನಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ" ಎಂದರು.